ಏಳು ಗಂಟೆ ಐವತ್ತು ನಿಮಿಷದ ದಾರಿ

ಫೆಬ್ರವರಿ 6, ಗುರುವಾರ

ಮಧ್ಯಾಹ್ನ ಹನ್ನೆರಡೂಕಾಲಿಗೆ ಮಾಲೂರು ಬಸ್ ನಿಲ್ದಾಣದಲ್ಲಿದ್ದಾಗ ಫೋನ್ ಬಂತು. ಹೊರದೇಶದ ನಂಬರು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದೆ.

"ಅಕ್ಕಾ, ನಾನು ಶಿವಶಂಕರ್, ಮುಳಬಾಗಿಲಿನವನು. ಜಾಂಬಿಯಾದಾಗೆ ಗಂಗಾಧರಣ್ಣನ ಜತೆ ಬೋರ್‌ವೆಲ್ ಲಾರೀಲಿ ಕೆಲಸ ಮಾಡ್ತೀನಿ."

"ಹೇಳಿ" ಎಂದೆ.

"ಅಣ್ಣ ಹೋಗ್ಬಿಟ್ರು ಅಕ್ಕಾ."

"ಎಲ್ಲಿಗೆ?" ಎಂದು ಕೇಳಿದೆ. ದಿನವಿಡೀ ಜನರನ್ನು ಅದೇ ಮಾತು ಕೇಳುತ್ತೇನಲ್ಲ, ಬಾಯಿಗೆ ಅದೇ ಬಂತು.

ಅವನು ಅಳತೊಡಗಿದ. ಆಮೇಲೆ ಹೇಳಿದ. ಮಲೇರಿಯಾ. ನಾಲ್ಕು ದಿನ ಜ್ವರ. ಮೈಕೈ ನೋವು ಅಂದುಕೊಂಡು ಮಾತ್ರೆ ನುಂಗಿಕೊಂಡೇ ಕೆಲಸ ಮಾಡಿದರಂತೆ. ಅಲ್ಲಿ ಈಗ ಮಳೆಗಾಲ, ರಸ್ತೆ ಕಿತ್ತುಹೋಗಿತ್ತು. ಕಾಸಮಾ ಎಂಬ ಊರಿನ ಆಸ್ಪತ್ರೆಗೆ ಸೇರಿಸಿದ್ದು ಮಂಗಳವಾರ ಸಂಜೆ. ನಿನ್ನೆ ಬೆಳಿಗ್ಗೆ ತೀರಿಕೊಂಡರು.

ಹನ್ನೆರಡೂವರೆಗೆ ಬಸ್ ಬಿಡಬೇಕಿತ್ತು. ಬಿಟ್ಟೆವು. ಟೇಕಲ್ ದಾಟುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿದ್ದೆ. ಸಂಜೆ ಡಿಪೋದಲ್ಲಿ ಲೆಕ್ಕ ಒಪ್ಪಿಸಿದೆ, ಒಂದೂ ತಪ್ಪಿರಲಿಲ್ಲ. ಡ್ರೈವರ್ ಮುನೇಶ್ ಮಾತ್ರ, "ಯಾಕ್ ಶೋಭಕ್ಕ, ಇವತ್ತು ಒಬ್ರನ್ನೂ ಬೈಲಿಲ್ಲ?" ಎಂದ. ಹೇಳಿದೆ. ಅವನು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ.

ಈ ಪುಸ್ತಕ ಇಟ್ಟುಕೊಂಡಿದ್ದು ವಕೀಲ ಉಮೇಶ್ ಅವರು ಹೇಳಿದ್ದಕ್ಕೆ. ಗಂಡ ಯಾವತ್ತು ಫೋನ್ ಮಾಡಿದ, ಏನಂದ, ಎಲ್ಲ ತಾರೀಖು ಹಾಕಿ ಬರೆದಿಡಿ, ವಿಚ್ಛೇದನದ ಕೇಸಿಗೆ ಬೇಕಾಗುತ್ತೆ ಅಂದಿದ್ದರು. ಒಂದೂವರೆ ವರ್ಷದಿಂದ ಬರೆಯುತ್ತಿದ್ದೇನೆ. ಕೋರ್ಟಿನ ಕಾಗದದಲ್ಲಿ ನಾನು ಅರ್ಜಿದಾರಳು, ಅವರು ಪ್ರತಿವಾದಿ. ಇವತ್ತಿನದ್ದನ್ನೂ ಬರೆಯಬೇಕು. ಪ್ರತಿವಾದಿ ತೀರಿಕೊಂಡಿದ್ದಾರೆ.

ಫೆಬ್ರವರಿ 7, ಶುಕ್ರವಾರ

ರಜೆ ಚೀಟಿ ಬರೆಯಲು ಕೂತೆ. ಕಾರಣ ಅನ್ನುವ ಜಾಗದಲ್ಲಿ ಏನು ಬರೆಯುವುದೋ ಗೊತ್ತಾಗಲಿಲ್ಲ. ಹರಿದುಹಾಕಿ ಡ್ಯೂಟಿಗೆ ಹೋದೆ.

ಸಂಜೆ ಗಲ್‌ಪೇಟೆಯ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಪ್ರತಿವಾದಿಯ ತಾಯಿ ದೊಡ್ಡಗಂಗಮ್ಮ ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮ ಶ್ರೀನಿವಾಸಪ್ಪ. ಹೋಳೂರಿನಿಂದ ಬಂದಿದ್ದರು. ನಾನು ಆ ಮನೆ ಬಿಟ್ಟ ಮೇಲೆ ಇದೇ ಮೊದಲು. ಮದುವೆಯಲ್ಲಾಗಲಿ ಸಂತೆಯಲ್ಲಾಗಲಿ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರು.

ಒಳಗೆ ಕರೆದೆ. ಕಾಫಿ ಮಾಡಿದೆ. ಶ್ರೀನಿವಾಸಪ್ಪ ಕುಡಿದರು, ಅತ್ತೆ ಲೋಟ ಮುಟ್ಟಲಿಲ್ಲ.

"ಕಂಪ್ನಿಯೋರು ಎರಡು ಕಾಗದ ಕಳ್ಸವ್ರೆ" ಎಂದು ಶ್ರೀನಿವಾಸಪ್ಪ ಶುರು ಮಾಡಿದರು. "ಒಂದು, ಅಲ್ಲೇ ಮಣ್ಣು ಮಾಡ್ರಿ ಅನ್ನೋದು. ಇನ್ನೊಂದು, ಊರಿಗೆ ಕಳಿಸ್ರಿ ಅನ್ನೋದು. ಎರಡರಾಗೆ ಒಂದಕ್ಕೆ ಹೆಂಡ್ತಿ ಸೈನ್ ಹಾಕ್ಬೇಕಂತೆ. ಅಲ್ಲೇ ಅಂದ್ರೆ ನಾಳೇನೇ ಮುಗಿಸ್ತಾರೆ. ಇಲ್ಲಿಗೆ ಅಂದ್ರೆ ಎರಡು ಮೂರು ವಾರ ಆಗ್ತದೆ. ಖರ್ಚೆಲ್ಲ ಅವ್ರದೇ."

ಅತ್ತೆ ನೆಲ ನೋಡುತ್ತಲೇ ಮಾತಾಡಿದರು. "ನಂದು ತಪ್ಪೋ ನಿಂದು ತಪ್ಪೋ, ಅದೆಲ್ಲ ಈಗ ಯಾಕಮ್ಮ. ಒಂದ್ಸಲ ಮುಖ ನೋಡ್ಬೇಕು. ಅಷ್ಟು ಮಾಡ್ಕೊಡು."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಅವರು ಎದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಚೆಲ್ಲಿ ಲೋಟ ತೊಳೆದಿಟ್ಟೆ.

ಫೆಬ್ರವರಿ 8, ಶನಿವಾರ

ಡ್ಯೂಟಿ. ವಕೀಲರಿಗೆ ಫೋನ್ ಮಾಡಿದೆ. ತೀರ್ಪು ಆಗಿಲ್ಲ, ಹಾಗಾಗಿ ಕಾನೂನಿನ ಪ್ರಕಾರ ನೀವೇ ಹೆಂಡತಿ ಎಂದರು. ಸಹಿ ಮಾಡದಿದ್ದರೆ ಏನಾಗುತ್ತೆ ಎಂದು ಕೇಳಿದೆ. "ತಾಯಿ ಮಾಡಬಹುದು. ಆದ್ರೆ ನೀವು ಬೇಡ ಅಂದಿದ್ದೀರಿ ಅಂತ ಬರ್ಕೊಡಬೇಕು. ಕಾಗದ ಇನ್ನೂ ಜಾಸ್ತಿ, ದಿನಾನೂ ಜಾಸ್ತಿ. ನಿಮ್ಮಿಷ್ಟಮ್ಮ, ಯಾರೂ ಬಲವಂತ ಮಾಡೋ ಹಾಗಿಲ್ಲ" ಎಂದರು.

ಸಂಜೆ ಸಾರು ಮಾಡಿದೆ. ಉಪ್ಪು ಹಾಕಿರಲಿಲ್ಲ. ತಿಂದು ಮುಗಿಸಿದ ಮೇಲೆ ಗೊತ್ತಾಯಿತು.

ಫೆಬ್ರವರಿ 9, ಭಾನುವಾರ

ವಾರದ ರಜೆ. ಶಿವಶಂಕರ್ ಕಳಿಸಿದ್ದ ಎರಡೂ ಕಾಗದಗಳನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ.

ಮೊದಲು ಅಲ್ಲೇ ಮಣ್ಣು ಮಾಡುವ ಕಾಗದವನ್ನೇ ತೆಗೆದುಕೊಂಡೆ. ಹೆಸರು, ಪಾಸ್‌ಪೋರ್ಟ್ ನಂಬರು, ತಂದೆಯ ಹೆಸರು, ಎಲ್ಲ ಬರೆದೆ. ಮಣ್ಣು ಮಾಡುವ ಸ್ಥಳ ಎಂಬಲ್ಲಿಗೆ ಬಂದೆ. ಏನು ಬರೆಯಲಿ? ಶಿವಶಂಕರನಿಗೆ ಮೆಸೇಜ್ ಹಾಕಿ ಕೇಳಿದೆ. "ಕಾಸಮಾ ಹತ್ರ ಯಾವುದೋ ಒಂದು ಜಾಗ ಅಕ್ಕ, ಹೆಸರು ಸರಿಯಾಗಿ ಗೊತ್ತಿಲ್ಲ" ಎಂದು ಉತ್ತರ ಬಂತು.

ಹೆಸರು ಗೊತ್ತಿಲ್ಲದ ಕಡೆಗೆ ನಾನು ಯಾರಿಗೂ ಟಿಕೆಟ್ ಕೊಟ್ಟಿಲ್ಲ. ಆ ಕಾಗದ ಮಡಚಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಅದರಲ್ಲಿ ಹೋಳೂರು, ಕೋಲಾರ ತಾಲ್ಲೂಕು ಎಂದು ಬರೆಯುವುದು ಸುಲಭವಾಗಿತ್ತು. ಅಷ್ಟೇ ಕಾರಣ. ಬೇರೆ ಏನೂ ಇಲ್ಲ.

ಫೆಬ್ರವರಿ 10, ಸೋಮವಾರ

ನೋಟರಿ ಹತ್ತಿರ ಸೀಲ್ ಹಾಕಿಸಿ, ಸ್ಕ್ಯಾನ್ ಮಾಡಿ ಕಳಿಸಿದೆ. ಅತ್ತೆಗೆ ಫೋನ್ ಮಾಡಿ ತಿಳಿಸಿದೆ. ಅವರು ತೆಲುಗಿನಲ್ಲಿ, "ಚಲ್ಲಗ ಉಂಡಮ್ಮಾ" ಎಂದು ಇಟ್ಟುಬಿಟ್ಟರು. ಚೆನ್ನಾಗಿರು ಅಂತ. ಸೊಸೆಯಾಗಿ ಐದು ವರ್ಷ ಆ ಮನೆಯಲ್ಲಿದ್ದಾಗ ಒಂದು ಸಲವೂ ಹಾಗಂದವರಲ್ಲ.

ಫೆಬ್ರವರಿ 12, ಬುಧವಾರ

ಡಿಪೋದಲ್ಲಿ ಎಲ್ಲರಿಗೂ ಗೊತ್ತಾಗಿದೆ. ಎಷ್ಟು ದೂರ, ಎಷ್ಟು ಹೊತ್ತಾಗುತ್ತೆ ಬರೋಕೆ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ಬೇರೆ ಏನು ಕೇಳುವುದೆಂದು ಅವರಿಗೂ ಗೊತ್ತಾಗುವುದಿಲ್ಲ, ಪಾಪ.

ನನಗೆ ಬಾಯಿಪಾಠ. ಲುಸಾಕಾ ವಿಮಾನ ನಿಲ್ದಾಣದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ದೂರ ಆರು ಸಾವಿರದ ಇನ್ನೂರ ಎಪ್ಪತ್ತೇಳು ಕಿಲೋಮೀಟರ್. ಹಾರಾಟದ ಸಮಯ ಏಳು ಗಂಟೆ ಐವತ್ತು ನಿಮಿಷ.

ಇದು ಈ ವಾರ ಕಲಿತದ್ದಲ್ಲ. ಎರಡೂವರೆ ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ಕೋಲಾರದ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡು ಕಲಿತದ್ದು. ಏಳು ತಿಂಗಳಾಗಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಮಗು. ನಾನೇ ಫೋನ್ ಮಾಡಿ ಬನ್ನಿ ಎಂದೆ. "ನಾನು ಬರೋ ಅಷ್ಟೊತ್ತಿಗೆ ಎಲ್ಲ ಮುಗಿದಿರುತ್ತೆ ಶೋಭಾ. ಅಷ್ಟು ದೂರದಿಂದ ಬಂದು ಏನ್ ಮಾಡ್ಲಿ?" ಎಂದರು. ಅಷ್ಟು ದೂರ ಅಂದರೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ಲೆಕ್ಕ ಹಾಕಿ ಹೇಳುವ ಒಂದು ಪುಟ ಸಿಕ್ಕಿತು. ಏಳು ಗಂಟೆ ಐವತ್ತು ನಿಮಿಷ. ನನ್ನ ಒಂದು ಪಾಳಿಗಿಂತ ಹತ್ತು ನಿಮಿಷ ಕಡಿಮೆ.

ಆ ಪುಟ ಹೇಳುವ ನೇರ ವಿಮಾನ ಯಾವುದೂ ಇಲ್ಲ, ಅಡಿಸ್ ಅಬಾಬಾದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು, ಕಾಯುವುದೆಲ್ಲ ಸೇರಿದರೆ ಇಡೀ ಒಂದು ದಿನ ಆಗುತ್ತೆ ಎಂದು ಆಮೇಲೆ ಯಾರೋ ಹೇಳಿದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಆ ಅಂಕಿ ಕೂತುಬಿಟ್ಟಿತ್ತು. ಡಿಸ್ಚಾರ್ಜ್ ಆಗುವಷ್ಟರಲ್ಲಿ ಮಗುವನ್ನು ಶ್ರೀನಿವಾಸಪ್ಪ ತೆಗೆದುಕೊಂಡು ಹೋಗಿ ಮಣ್ಣು ಮಾಡಿದ್ದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ವಕೀಲರಿಗೆ ಆ ಅಂಕಿ ಕೊಟ್ಟಿದ್ದೆ. ಅರ್ಜಿಯಲ್ಲಿ ಇದನ್ನೆಲ್ಲ ಹಾಕೋಕಾಗಲ್ಲಮ್ಮ ಎಂದರು.

ಫೆಬ್ರವರಿ 14, ಶುಕ್ರವಾರ

ಹೆಣ ಲುಸಾಕಾ ತಲುಪಿದೆ. ಕಾಸಮಾದಿಂದ ಎಂಟುನೂರ ಐವತ್ತು ಕಿಲೋಮೀಟರ್, ರಸ್ತೆಯಲ್ಲಿ. ಹದಿನಾಲ್ಕು ಗಂಟೆ ಹಿಡಿಯಿತಂತೆ. ಶಿವಶಂಕರ್ ಜತೆಗೆ ಕೂತು ಬಂದನಂತೆ.

ಡ್ಯೂಟಿ. ಗಾಡಿ ಪಂಚರ್, ಇಪ್ಪತ್ತು ನಿಮಿಷ ತಡ.

ಫೆಬ್ರವರಿ 17, ಸೋಮವಾರ

ರಾಯಭಾರ ಕಚೇರಿಯ ಕಾಗದ, ಪಾಸ್‌ಪೋರ್ಟ್ ರದ್ದು ಮಾಡಿದ ಕಾಗದ, ಹೆಣ ಕೆಡದಂತೆ ಔಷಧಿ ಹಾಕಿದ್ದಕ್ಕೆ ಒಂದು ಕಾಗದ. ದಿನಕ್ಕೊಂದರಂತೆ ಶಿವಶಂಕರ್ ಫೋಟೋ ತೆಗೆದು ಕಳಿಸುತ್ತಾನೆ. ಇವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನ್ ಮಾಡಿದ. ವಿಮಾನ ನಿಲ್ದಾಣದ ಸರಕು ಕಚೇರಿಯ ಹೊರಗೆ ಕೂತಿದ್ದನಂತೆ.

"ಅಕ್ಕಾ, ಒಂದ್ ಮಾತು. ಹೇಳಿದ್ರೆ ತಪ್ಪು ತಿಳ್ಕೊಬೇಡಿ."

"ಹೇಳಪ್ಪ."

"ಇಲ್ಲಿ ಕೂತ್ಕೊಂಡ್ರೆ ಅದೇ ನೆನಪಾಗ್ತಾ ಐತೆ. ನಿಮ್ಗೆ ಮಗು ಹೋಯ್ತಲ್ಲ, ಆವಾಗ ಅಣ್ಣ ಟಿಕೆಟ್ ಮಾಡ್ಸಿದ್ರು. ನಾನೇ ಲಾರೀಲಿ ಏರ್‌ಪೋರ್ಟ್ ತನಕ ಬಿಟ್ಟಿದ್ದು. ಒಳಕ್ಕೆ ಹೋದ್ರು. ನಾನು ಲಾರಿ ತಿರುಗಿಸ್ಕೊಂಡು ಒಂದ್ ಟೀ ಕುಡ್ದೆ. ನೋಡಿದ್ರೆ ಬ್ಯಾಗ್ ಹಿಡ್ಕೊಂಡು ಆಚೆ ಬಂದು ನಿಂತವ್ರೆ."

"ಯಾಕೆ?"

"ಅದನ್ನೇ ಕೇಳ್ದೆ. 'ಯಾವ ಮುಖ ಇಟ್ಕೊಂಡು ಹೋಗಿ ಅವಳ ಮುಂದೆ ನಿಂತ್ಕೊಳ್ಳೋದೋ' ಅಂದ್ರು. ಅಷ್ಟೇ ಅಂದಿದ್ದು. ನಿಮ್ಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು."

ಸರಿ ಎಂದೆ. ಊಟ ಆಯ್ತಾ ಎಂದು ಅವನನ್ನು ಕೇಳಿದೆ. ಇಟ್ಟೆ.

ಇದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯುತ್ತಿಲ್ಲ. ಕೇಸಿಗೆ ಇದರಿಂದ ಏನೂ ಆಗುವುದಿಲ್ಲ. ಬರಲಿಲ್ಲ ಅನ್ನುವುದು ಬರಲಿಲ್ಲ ಅನ್ನುವುದೇ. ವಿಮಾನ ನಿಲ್ದಾಣದ ಒಳಗೆ ಹೋಗಿ ಹೆದರಿಕೊಂಡು ಆಚೆ ಬಂದವರೂ ಬಾರದವರೇ. ಇಳಿಯುವ ಸ್ಟಾಪಿನಲ್ಲಿ ಇಳಿಯದೆ ಕೂತವರನ್ನು ನಾನು ನೋಡಿದ್ದೇನೆ. ಇಳೀರಿ ಎಂದು ಕೂಗಬೇಕು, ಆಗ ಇಳಿಯುತ್ತಾರೆ. ಅಲ್ಲಿ ಕೂಗುವವರು ಯಾರೂ ಇರಲಿಲ್ಲವೇನೋ.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಟೇಕಲ್‌ನಲ್ಲಿ ಇಳಿಯಬೇಕಾದ ಒಬ್ಬ ಹೆಂಗಸನ್ನು ಇಳಿಸುವುದನ್ನು ಮರೆತೆ. ಒಂದು ಕಿಲೋಮೀಟರ್ ಮುಂದೆ ಹೋಗಿ ಆಕೆ ಕಿರುಚಿದಳು. ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಹೀಗಾದದ್ದು ಇದೇ ಮೊದಲು.

ಫೆಬ್ರವರಿ 20, ಗುರುವಾರ

ಇವತ್ತು ಕೇಸಿನ ದಿನ ಇತ್ತು. ಪ್ರತಿವಾದಿ ಸತ್ತಿದ್ದಾರೆ ಎಂದು ವಕೀಲರು ಹೇಳಿದ್ದಕ್ಕೆ ಮರಣ ಪತ್ರ ಹಾಜರುಪಡಿಸಲು ಮಾರ್ಚ್ ಹನ್ನೆರಡಕ್ಕೆ ಹಾಕಿದ್ದಾರೆ. ನಾನು ಹೋಗಿರಲಿಲ್ಲ.

ವಿಮಾನ ಶನಿವಾರ ಹೊರಡುತ್ತದೆ. ಭಾನುವಾರ ಬೆಳಿಗ್ಗೆ ಬೆಂಗಳೂರು. ಇವತ್ತು ರಜೆ ಚೀಟಿ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ "ಮನೆಯಲ್ಲಿ ಸಾವು" ಎಂದು ಬರೆದೆ. ಮೇಲಧಿಕಾರಿ ಓದಿ ಸಹಿ ಹಾಕಿದರು.

ಫೆಬ್ರವರಿ 22, ಶನಿವಾರ

ಲುಸಾಕಾ ಬಿಟ್ಟಿದೆ. ವಿಮಾನದ ನಂಬರು ಹಾಕಿದರೆ ಫೋನಿನಲ್ಲಿ ನಕ್ಷೆಯ ಮೇಲೆ ಒಂದು ಚಿಕ್ಕ ಹಳದಿ ವಿಮಾನ ಕಾಣಿಸುತ್ತದೆ. ಎಷ್ಟು ಎತ್ತರ, ಎಷ್ಟು ವೇಗ, ಇನ್ನೆಷ್ಟು ದೂರ, ಎಲ್ಲ ತೋರಿಸುತ್ತದೆ. ಅಡಿಸ್ ಅಬಾಬಾಗೆ ಎರಡು ಸಾವಿರದ ಒಂಬೈನೂರ ಮೂವತ್ತು ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ನಾಲ್ಕು ಸಾವಿರದ ಇನ್ನೂರ ಎಪ್ಪತ್ತು.

ಬಟ್ಟೆ ಒಗೆಯುತ್ತ ನಡುನಡುವೆ ನೋಡಿದೆ. ನೋಡುತ್ತ ಕೂತರೆ ಚಲಿಸುವುದೇ ಇಲ್ಲ. ಬಕೆಟ್ ತುಂಬಿಸಿ ಬಂದು ನೋಡಿದರೆ ಒಂದು ಉಗುರಿನಷ್ಟು ಮುಂದಕ್ಕೆ ಬಂದಿರುತ್ತದೆ.

ಫೆಬ್ರವರಿ 23, ಭಾನುವಾರ

ಬರಲಿಲ್ಲ.

ವಿಮಾನ ಬಂತು, ಪೆಟ್ಟಿಗೆ ಬರಲಿಲ್ಲ. ಅಡಿಸ್ ಅಬಾಬಾದಲ್ಲಿ ಇನ್ನೊಂದು ವಿಮಾನಕ್ಕೆ ಹಾಕಬೇಕಿತ್ತು, ಜಾಗ ಸಾಲದೆ ಬಿಟ್ಟಿದ್ದಾರೆ. ನಾನು, ಶ್ರೀನಿವಾಸಪ್ಪ, ಗಾಡಿಯವನು, ಮೂರೂ ಜನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಾದೆವು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮ ಕನ್ಸೈನ್‌ಮೆಂಟ್ ಆಫ್‌ಲೋಡ್ ಆಗಿದೆ ಮೇಡಂ, ನಾಳೆ ಬರಬಹುದು" ಎಂದಳು.

"ಬರಬಹುದು ಅಂದ್ರೆ?" ಎಂದೆ.

"ಜಾಗ ಇದ್ರೆ ಬರುತ್ತೆ."

ಆಮೇಲೆ ನಾನು ಏನು ಹೇಳಿದೆ ಎಂದು ಸರಿಯಾಗಿ ನೆನಪಿಲ್ಲ. ವಾಪಸ್ ಬರುವಾಗ ವೇಮಗಲ್ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಶ್ರೀನಿವಾಸಪ್ಪ ಹೇಳಿದರು. "ಎಂಥ ಕೂಗು ಕೂಗ್ದೆಯಮ್ಮ. ಅಲ್ಲಿದ್ದೋರೆಲ್ಲ ಎದ್ ನಿಂತ್ಕೊಂಡ್ರು. 'ನಿಂತ್ಕೊಂಡಾದ್ರೂ ಬರ್ತಾರೆ, ಹತ್ತಿಸ್ಕೊಳ್ರಿ' ಅಂದೆ ನೀನು." ಅವರು ನಗಲಿಲ್ಲ, ನಾನೂ ನಗಲಿಲ್ಲ.

ಇವರು ಅಡಿಸ್ ಅಬಾಬಾದಂಥ ದೊಡ್ಡ ಊರಿನಲ್ಲಿ ಯಾವುದೋ ಗೋದಾಮಿನಲ್ಲಿ ಒಬ್ಬರೇ ಇದ್ದಾರೆ. ಲುಸಾಕಾ ತನಕ ಶಿವಶಂಕರ್ ಜತೆಗಿದ್ದ.

ಅತ್ತೆಗೆ ಫೋನಿನಲ್ಲಿ ಹೇಳುವುದು ಬೇಡ ಎನ್ನಿಸಿತು. ಗಾಡಿಯಲ್ಲೇ ಹೋಳೂರಿಗೆ ಹೋದೆ. ಶಾಮಿಯಾನ ಹಾಕಿದ್ದರು. ಗಾಡಿ ಕಂಡ ಕೂಡಲೇ ಹೆಂಗಸರು ಅಳಲು ಶುರು ಮಾಡಿದರು. ನಾನು ಇಳಿದು, ಇಲ್ಲ, ಇನ್ನೂ ಇಲ್ಲ ಎಂದು ಕೈಯಾಡಿಸಿದೆ. ಅಳು ನಿಂತಿತು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಎಂದು ಅಲ್ಲಿದ್ದವರು ಹೇಳಿದರು. ಒಳಗೆ ಹೋದೆ. ಡಬ್ಬಗಳೆಲ್ಲ ಅದೇ ಜಾಗದಲ್ಲಿದ್ದವು. ರಾಗಿ ಗಂಜಿ ಕಾಯಿಸಿ, ಮಜ್ಜಿಗೆ ಹಾಕಿ ತಂದೆ. "ನೀನು?" ಎಂದರು. ನಾನೂ ಒಂದು ಲೋಟ ತಂದುಕೊಂಡು ಪಕ್ಕದಲ್ಲಿ ಕೂತೆ. ಇಬ್ಬರೂ ಕುಡಿದೆವು.

ಫೆಬ್ರವರಿ 25, ಮಂಗಳವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟೂವರೆಗೆ ವಿಮಾನ ಇಳಿಯಿತು. ಪೆಟ್ಟಿಗೆ ಬಂದಿತ್ತು. ಕಸ್ಟಮ್ಸ್, ಆರೋಗ್ಯ ಇಲಾಖೆ, ಪೊಲೀಸ್, ಮೂರು ಕಡೆ ಸಹಿ ಹಾಕಿದೆ. ಒಂದು ಕಡೆ ಗುಮಾಸ್ತರು ತಲೆಯೆತ್ತದೆ, "ಸಂಬಂಧ?" ಎಂದರು. ಹೆಂಡತಿ ಎಂದೆ. ಬರೆದುಕೊಂಡರು. ಎಲ್ಲದಕ್ಕೂ ಸೇರಿ ಮೂರು ಗಂಟೆ ಹಿಡಿಯಿತು.

ಪೆಟ್ಟಿಗೆಯ ಮೇಲೆ ಇವರ ಹೆಸರಿನ ಚೀಟಿ ಅಂಟಿಸಿತ್ತು. ಕೆಳಗೆ ತೂಕ ಬರೆದಿತ್ತು. ಗಾಡಿಗೆ ಏರಿಸುವಾಗ ಒಂದು ಮೂಲೆ ನಾನು ಹಿಡಿದೆ. ಹೆಂಗಸರು ಹಿಡಿಯಬಾರದು ಎಂದು ಯಾರೋ ಹೇಳಿದರು. ನಾನು ಬಿಡಲಿಲ್ಲ. ದಾರಿಯಲ್ಲಿ ಹಿಂದೆ ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ಶ್ರೀನಿವಾಸಪ್ಪ ಮುಂದೆ ಕೂತರು. ತಿರುವು ಬಂದಾಗ ಪೆಟ್ಟಿಗೆ ಜರುಗುತ್ತಿತ್ತು, ಪಾದ ಒತ್ತಿ ಹಿಡಿದುಕೊಂಡೆ.

ಹೋಳೂರು ತಲುಪಿದಾಗ ಒಂದೂವರೆ. ಕಾಗದದಲ್ಲಿ ಪೆಟ್ಟಿಗೆ ತೆರೆಯದಿರುವುದು ಒಳ್ಳೆಯದು ಎಂದು ಬರೆದಿತ್ತು. ಹತ್ತೊಂಬತ್ತು ದಿನ ಆಗಿತ್ತು. ಗಂಡಸರು, ಬೇಡ ಬಿಡ್ರಪ್ಪ, ಹಂಗೇ ಇಟ್ಬಿಡೋಣ ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಅತ್ತೆ ನನ್ನ ಕಡೆ ನೋಡಿದರು.

"ಮೊದ್ಲು ನಾನು ನೋಡ್ತೀನಿ. ನೋಡೋ ಹಂಗಿದ್ರೆ ಕರೀತೀನಿ" ಎಂದೆ.

ನಡುಮನೆಯಲ್ಲಿ ಪೆಟ್ಟಿಗೆಯ ಮೊಳೆ ಕಿತ್ತು, ಒಳಗಿನ ತಗಡಿನ ಮುಚ್ಚಳ ಕತ್ತರಿಸಿಕೊಟ್ಟು ಎಲ್ಲರೂ ಆಚೆ ಹೋದರು. ಔಷಧಿಯ ವಾಸನೆ ಕಣ್ಣಿಗೆ ಹೊಡೆಯಿತು. ಬಿಳಿ ಬಟ್ಟೆ ಸರಿಸಿದೆ.

ಕಪ್ಪಗಾಗಿದ್ದರು. ಕೆನ್ನೆ ಒಳಗೆ ಹೋಗಿತ್ತು. ಗಡ್ಡದಲ್ಲಿ ಬಿಳಿ ಕೂದಲು ಬಂದಿದೆ, ಅದು ನನಗೆ ಗೊತ್ತಿರಲಿಲ್ಲ. ಯಾರು ಬಾಚಿದ್ದರೋ, ತಲೆಗೂದಲನ್ನು ಪೂರ್ತಿ ಹಿಂದಕ್ಕೆ ಎಳೆದು ಬಾಚಿದ್ದರು. ಇವರು ಹಾಗೆ ಬಾಚುವವರಲ್ಲ. ಅತ್ತೆಗೆ ಗುರುತು ಸಿಗುವುದಿಲ್ಲ. ಗೂಡಿನಲ್ಲಿ ಬಾಚಣಿಗೆ ಇತ್ತು. ನೀರು ಹಚ್ಚಿ ಎಡಗಡೆ ಬೈತಲೆ ತೆಗೆದು ಬಾಚಿದೆ. ಕೂದಲು ಗಟ್ಟಿಯಾಗಿತ್ತು, ಮೂರು ನಾಲ್ಕು ಸಲ ಬಾಚಬೇಕಾಯಿತು. ಬಟ್ಟೆಯನ್ನು ಗಲ್ಲದವರೆಗೂ ಎಳೆದು ಸಿಕ್ಕಿಸಿದೆ. ಆಮೇಲೆ ಬಾಗಿಲು ತೆಗೆದು, "ಬನ್ನಿ ಅತ್ತೆ, ಚೆನ್ನಾಗವ್ರೆ" ಎಂದೆ.

ಅತ್ತೆ ಬಂದರು. ಮುಖ ನೋಡಿದರು. ಹಣೆಯ ಮೇಲೆ ಕೈ ಇಟ್ಟು, "ನಾಯನಾ, ನನ್ನಪ್ಪಾ, ಜ್ವರ ಬಿಟ್ಟೈತೆ" ಎಂದರು. ಅಷ್ಟೇ ಅಂದದ್ದು. ಆಮೇಲೆ ಉಳಿದವರನ್ನು ಒಳಗೆ ಬಿಟ್ಟೆವು.

ಒಬ್ಬಾಕೆ ನನಗೆ ಬಳೆ ತೊಡಿಸಲು ಬಂದಳು, ತೊಡಿಸಿ ಒಡೆಯಲು. ನನ್ನ ಕೈಯಲ್ಲಿ ಗಡಿಯಾರ ಮಾತ್ರ ಇತ್ತು. ಅತ್ತೆ, "ವದ್ದು, ಬೇಡ, ಆಯಮ್ಮನ ತಂಟೆಗೆ ಹೋಗ್ಬೇಡ್ರಿ" ಎಂದು ಗದರಿದರು.

ನಾಲ್ಕು ಗಂಟೆಗೆ ಹೊಲಕ್ಕೆ ಹೊರಟೆವು. ಹೆಂಗಸರು ಊರ ಬಾಗಿಲಲ್ಲೇ ನಿಂತರು. ನಾನು ಹೋದೆ. ಅತ್ತೆಯೂ ನನ್ನ ಕೈ ಹಿಡಿದುಕೊಂಡು ಬಂದರು. ಹಿಪ್ಪುನೇರಳೆ ತೋಟ ದಾಟಿ ಪಡುವಣ ಬದುವಿನ ಹತ್ತಿರ ಗುಂಡಿ ತೋಡಿಟ್ಟಿದ್ದರು. ಅಗಲ ಉದ್ದ ಎಲ್ಲ ಸರಿಯಾಗಿತ್ತು. ಪೆಟ್ಟಿಗೆಯನ್ನು ಗುಂಡಿಯ ಪಕ್ಕದಲ್ಲಿ ನೆಲಕ್ಕಿಟ್ಟರು.

ಆಗ ನಾನು ಕೇಳಿದೆ. "ಮಾವ, ಮಗೂನ ಎಲ್ಲಿಟ್ರಿ?"

ಶ್ರೀನಿವಾಸಪ್ಪ ಮೊದಲು ಕೇಳಿಸಲಿಲ್ಲ ಎಂಬಂತೆ ನಿಂತರು. ಇನ್ನೊಂದು ಸಲ ಕೇಳಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ತೋಟದ ಆ ತುದಿಗೆ ಕೈ ತೋರಿಸಿದರು. "ಆ ಹೊಂಗೆ ಮರದ ಬುಡದಾಗೆ. ನೆರಳಿರ್ಲಿ ಅಂತ ಅಲ್ಲಿಟ್ಟೆ. ಮೂರು ಕಲ್ಲು ಇಟ್ಟೀನಿ. ಉಳೋವಾಗ ತಪ್ಪಿಸ್ತೀನಿ."

ನಡೆದುಕೊಂಡು ಹೋದೆ. ಇನ್ನೂರು ಹೆಜ್ಜೆ. ಮೂರು ಕಲ್ಲಿದ್ದವು, ಮೇಲೆ ಹೊಂಗೆಯ ತರಗು. ಕೂತು ತರಗು ತೆಗೆದೆ. ಎರಡೂವರೆ ವರ್ಷದಿಂದ ಇದು ಇಲ್ಲೇ ಇತ್ತು.

"ಇಲ್ಲಿ ತೋಡಿ" ಎಂದೆ.

ಆಳುಗಳು ಮುಖ ಮುಖ ನೋಡಿಕೊಂಡರು. ಇಲ್ಲಿ ಕಲ್ಲು ಜಾಸ್ತಿ, ಬೇರು ಬೇರೆ, ಹೊತ್ತು ಮುಳುಗುತ್ತೆ, ತೋಡಿದ ಗುಂಡಿ ಖಾಲಿ ಬಿಡಬಾರದು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೋರ್ಟಿಗೆ ಹೋದವಳು ಈಗ ಜಾಗ ತೋರಿಸೋಕೆ ಬಂದವಳೆ ಎಂದೂ ಒಬ್ಬ ಹೇಳಿದ. ಮೆಲ್ಲಗೆ ಹೇಳಿದ, ಆದರೆ ಕೇಳಿಸಿತು. ನಾನು ಎದ್ದೇಳಲಿಲ್ಲ. ಅವರು ಬೇರೆ ಕಡೆ ಇಟ್ಟರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಅಲ್ಲೇ ಕೂತಿರುತ್ತಿದ್ದೆ.

ಅತ್ತೆ ತೋಟದೊಳಗಿಂದ ಬಂದು ನನ್ನ ಹಿಂದೆ ನಿಂತರು. "ಆಯಮ್ಮ ಎಲ್ಲಿ ಅಂದ್ರೆ ಅಲ್ಲಿ. ಹಾರೆ ತಗೊಳ್ರಿ" ಎಂದರು.

ಮೊದಲು ಶ್ರೀನಿವಾಸಪ್ಪನೇ ಹಾರೆ ಹಿಡಿದರು. ಒಂದೂಕಾಲು ಗಂಟೆ ಹಿಡಿಯಿತು. ಕಲ್ಲು ನಿಜವಾಗಿಯೂ ಜಾಸ್ತಿ ಇತ್ತು. ಮಗುವಿನ ಮೂರು ಕಲ್ಲಿಗೆ ಏಟು ಬೀಳದ ಹಾಗೆ ನಾನು ಪಕ್ಕದಲ್ಲೇ ಕೂತು ನೋಡಿಕೊಂಡೆ. ಇಬ್ಬರ ನಡುವೆ ಎರಡು ಅಡಿಯೂ ಇಲ್ಲ. ಹೊತ್ತು ಮುಳುಗುವುದಕ್ಕೆ ಮುಂಚೆ ಮಣ್ಣು ಮುಚ್ಚಿ ಮುಗಿಯಿತು.

ರಾತ್ರಿ ಅಲ್ಲೇ ಉಳಿದೆ. ಚೆನ್ನಾಗಿ ನಿದ್ದೆ ಬಂತು. ನಾಳೆ ಶಿವರಾತ್ರಿ.

ಮಾರ್ಚ್ 4, ಮಂಗಳವಾರ

ಮೊನ್ನೆ ಹಾಲು ತುಪ್ಪ ಆಯಿತು. ಇವತ್ತು ಡ್ಯೂಟಿಗೆ ಬಂದೆ. ಶ್ರೀನಿವಾಸಪುರದ ಗಾಡಿಗೆ ಕಂಡಕ್ಟರ್ ಇರಲಿಲ್ಲ, ಹೋಗ್ತೀರಾ ಎಂದು ಕೇಳಿದರು. ಮನೆ ಬಿಟ್ಟ ಮೇಲೆ ನಾನು ಕೇಳಿಕೊಂಡು ಮಾಲೂರಿನ ಕಡೆಗೆ ಹಾಕಿಸಿಕೊಂಡಿದ್ದೆ, ಶ್ರೀನಿವಾಸಪುರದ ಬಸ್ಸಿಗೆ ಹೋಳೂರಿನವರು ಹತ್ತುತ್ತಾರೆ ಎಂದು. ಹೋಗ್ತೀನಿ ಎಂದೆ.

ದಾರಿಯುದ್ದಕ್ಕೂ ಮಾವು ಹೂ ಬಿಟ್ಟಿದೆ. ಕಿಟಕಿ ತೆರೆದಿದ್ದವು. ಬಸ್ಸಿನ ತುಂಬ ಅದೇ ವಾಸನೆ.

ಮಾರ್ಚ್ 8, ಶನಿವಾರ

ಶಿವಶಂಕರ್ ಫೋನ್ ಮಾಡಿದ್ದ. ವರ್ಷ ಮುಗಿದ ಮೇಲೆ ಊರಿಗೆ ಬರ್ತೀನಿ ಅಕ್ಕ ಎಂದ. ಒಂದು ದಿನ ಜ್ವರ ಬಂದರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸು ಎಂದು ಹೇಳಿದೆ. ಎರಡು ಸಲ ಹೇಳಿದೆ. ಸೊಳ್ಳೆ ಪರದೆ ಇದೆಯಾ ಎಂದು ಕೇಳಿದೆ. ಇದೆ ಎಂದ. ಹರಿದಿದೆಯಾ ಎಂದು ಕೇಳಿದೆ. ಒಂದೆರಡು ಕಡೆ ಎಂದ. ಹೊಸದು ಕೊಂಡು ಫೋಟೋ ಕಳಿಸು ಎಂದು ಬೈದೆ. ಸಂಜೆ ಕಳಿಸಿದ.

ಮಾರ್ಚ್ 12, ಬುಧವಾರ

ಮರಣ ಪತ್ರ ತೆಗೆದುಕೊಂಡು ಕೋರ್ಟಿಗೆ ಹೋದೆ. ಮೊದಲು ಹೋಗುತ್ತಿದ್ದ ಹಾಗೆ ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಮುಳಬಾಗಿಲಿನ ಕಡೆಯ ಒಬ್ಬ ಹೆಂಗಸು ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತಿದ್ದಳು. "ನಿಮ್ದು ಎಷ್ಟು ವರ್ಷದ ಕೇಸಕ್ಕ?" ಎಂದಳು. ಇವತ್ತು ಮುಗಿಯುತ್ತೆ ಎಂದೆ. "ಪುಣ್ಯವಂತರು" ಎಂದಳು.

ಹನ್ನೊಂದೂಮುಕ್ಕಾಲಿಗೆ ಜವಾನ ಬಾಗಿಲಿಗೆ ಬಂದು ಇಬ್ಬರ ಹೆಸರೂ ಕೂಗಿದ. "ಶೋಭಾರಾಣಿ, ಗಂಗಾಧರ್." ಪಟ್ಟಿಯಲ್ಲಿ ಇದ್ದ ಹಾಗೆ ಕೂಗಿದ, ಅವನಿಗೆ ಗೊತ್ತಿಲ್ಲ. ಎರಡು ಸಲ ಕೂಗಿದ. ಮೂರನೇ ಸಲಕ್ಕೆ ಎದ್ದು ನಿಂತು, "ಬಂದಿದೀವಿ" ಎಂದು ಕೈ ಎತ್ತಿದೆ. ಒಳಗೆ ಹೋದೆ. ವಕೀಲರು ಕಾಗದ ಕೊಟ್ಟರು. ನ್ಯಾಯಾಧೀಶರು ಓದಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು, ಏನೋ ಬರೆಸಿದರು. ಕೇಸ್ ಮುಗಿಯಿತು. ಮೂರು ನಿಮಿಷವೂ ಆಗಲಿಲ್ಲ.

ಆಚೆ ಬಂದ ಮೇಲೆ ಉಮೇಶ್ ಅವರು ಫೈಲು ಕಟ್ಟುತ್ತ, "ಬಾಗಿಲ ಹತ್ರ ಯಾಕಮ್ಮ ಇಬ್ರೂ ಬಂದಿರೋ ಹಾಗಂದ್ರಿ?" ಎಂದರು.

"ಏನಂದೆ ಸಾರ್?"

ಅವರು ಫೈಲನ್ನು ಕಂಕುಳಿಗೆ ಸೇರಿಸಿದರು. "ಏನಿಲ್ಲ ಬಿಡಿ. ಹುಷಾರಾಗಿ ಹೋಗಿ" ಎಂದರು.

ಒಂದು ಗಂಟೆಗೆ ಶ್ರೀನಿವಾಸಪುರದ ಗಾಡಿಗೆ ನನ್ನ ಡ್ಯೂಟಿ ಇತ್ತು. ನಡೆದೇ ಬಸ್ ನಿಲ್ದಾಣಕ್ಕೆ ಬಂದೆ.